ನೆರಳು ತುಳಿದವಳ ಫೋಟೋ

ಮುಸುಕು ಬಿದ್ದ ಎಪ್ಪತ್ತೊಂದನೇ ವರ್ಷ. ತಿಂಗಳು ಗೊತ್ತಿಲ್ಲ; ಚಂದ್ರನೇ ಕಾಣದ ಮೇಲೆ ತಿಂಗಳನ್ನು ಎಲ್ಲಿಂದ ತರಲಿ? ಹೊತ್ತು, ಮಧ್ಯಾಹ್ನದ ರೊಟ್ಟಿ ಆದ ಮೇಲೆ.

ಒಂಟಿ ಮರದ ಫೋಟೋ ತೆಗೆದವರಿಗೆ ಹುಲಿಗೆಪ್ಪ ಮಾಡುವ ನಮಸ್ಕಾರಗಳು.

ನಿಮ್ಮ ಹೆಸರು ಗೊತ್ತಿಲ್ಲ, ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ನೀವು ತೀರಿಹೋಗಿ ಬಹಳ ಕಾಲವಾಯಿತು ಅನ್ನುವುದೊಂದೇ ಗ್ಯಾರಂಟಿ. ತಪ್ಪು ತಿಳಿಯಬೇಡಿ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಓದುವಾಗ ತಿಳಿಯದ ಶಬ್ದ ಬಂದರೆ ಅದು ನಿಮ್ಮ ಕಾಲದಲ್ಲಿ ಇರದ ಸಾಮಾನು, ಇಲ್ಲವೇ ನನ್ನ ಕಾಗುಣಿತ. ಎರಡಕ್ಕೂ ಕ್ಷಮೆ ಇರಲಿ.

ಮೊದಲು ಮುಸುಕಿನ ವಿಷಯ. ಬಿಸಿಲು ತಾಳಲಾರದೆ ನಮ್ಮ ಹಿರಿಯರು ಆಕಾಶದ ಎತ್ತರದಲ್ಲಿ ಬಿಳಿ ಪುಡಿ ಹರಡಿಸಿದರು. ಅದೇ ಮುಸುಕು. ಅಂದಿನಿಂದ ಸೂರ್ಯ ಕಾಣುವುದಿಲ್ಲ. ಬೆಳಕು ಮಾತ್ರ ಇದೆ, ಎಲ್ಲ ಕಡೆಯಿಂದ ಒಂದೇ ಸಮ, ನೀರು ಬೆರೆಸಿದ ಮಜ್ಜಿಗೆಯ ಹಾಗೆ. ರಾತ್ರಿ ದೀಪವಿಲ್ಲ, ಕತ್ತಲಾದರೆ ಮಲಗುವುದೇ. ಆ ಪುಡಿ ದಿನವೂ ಅಷ್ಟಿಷ್ಟು ಉದುರುತ್ತದೆ. ಊರವರು ಅದಕ್ಕೆ ಉದುರು ಅನ್ನುತ್ತಾರೆ, ನಾನು ಆಕಾಶದ ತಲೆಹೊಟ್ಟು ಅನ್ನುತ್ತೇನೆ. ಮಾಳಿಗೆಗಳ ಮೇಲಿನ ಉದುರು ಗುಡಿಸುವುದೇ ನನ್ನ ಕಸುಬು. ಗುಡಿಸಿ ಏಣಿ ಇಳಿಯುವಷ್ಟರಲ್ಲಿ ಮತ್ತೆ ಬಿದ್ದಿರುತ್ತದೆ, ಹೀಗಾಗಿ ಕೆಲಸಕ್ಕೆ ಬರವಿಲ್ಲ. ಊಟಕ್ಕೆ ಪಾಚಿರೊಟ್ಟಿ, ತೊಟ್ಟಿಯಲ್ಲಿ ಬೆಳೆದ ಪಾಚಿಯನ್ನು ಒಣಗಿಸಿ, ಬೀಸಿ ತಟ್ಟುತ್ತಾರೆ. ರುಚಿಯಾಗಿದೆ ಎಂದು ನಾನು ದಿನಾ ಹೇಳುತ್ತೇನೆ, ನನ್ನ ಹೆಂಡತಿ ದಿನಾ ನನ್ನ ಮುಖ ನೋಡುತ್ತಾಳೆ. ನಿಮ್ಮ ಕಾಲದ ಫೋನುಗಳೂ ನಮ್ಮ ಮನೆಗಳಲ್ಲಿವೆ. ಗಾಳಿಗೆ ಬಾಗಿಲು ಬಡಿಯದಂತೆ ಒತ್ತು ಕೊಡಲು ಬಹಳ ಚೆನ್ನಾಗಿವೆ.

ನಿಮ್ಮ ಫೋಟೋ ನಮ್ಮೂರ ಓದುಮನೆಯ ಗೋಡೆಯ ಮೇಲಿದೆ. ಒಣಗಿದ ಡ್ಯಾಮಿನ ತಳ, ಹಪ್ಪಳ ಮುರಿದು ಜೋಡಿಸಿಟ್ಟಂತೆ ಬಿರಿದ ಮಣ್ಣು, ದೂರದಲ್ಲಿ ಒಂದು ಸತ್ತ ಮರ, ಅದರ ಬುಡದಿಂದ ನಿಮ್ಮ ಕಡೆಗೆ ಉದ್ದಕ್ಕೆ ಬಂದ ಕಪ್ಪು ಗೆರೆ. ಮತ್ತೇನೂ ಇಲ್ಲ. ನಿಮ್ಮ ಕಾಲದವರು ಏನೂ ಇಲ್ಲದ ಜಾಗ ಹುಡುಕಿಕೊಂಡು ದೂರ ದೂರ ಹೋಗುತ್ತಿದ್ದರಂತೆ. ನಮ್ಮ ಕಾಲಕ್ಕೆ ಬಂದಿದ್ದರೆ ಅಷ್ಟು ತ್ರಾಸವಿರಲಿಲ್ಲ, ಬಾಗಿಲು ತೆರೆದರೆ ಸಾಕಿತ್ತು. ಆ ಮರ ಈಗಲೂ ನಿಂತಿದೆ. ಸತ್ತದ್ದು ಇನ್ನೊಮ್ಮೆ ಸಾಯುವುದಿಲ್ಲವಲ್ಲ.

ಆ ಕಪ್ಪು ಗೆರೆ ಏನೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನ್ನ ದೊಡ್ಡವ್ವ ಗಾಳೆವ್ವನೊಬ್ಬಳನ್ನು ಬಿಟ್ಟು. ನನ್ನ ಅವ್ವನ ಅಕ್ಕ ಅವಳು. ಮುಸುಕು ಬೀಳುವ ಮೊದಲು ಹುಟ್ಟಿದವರಲ್ಲಿ ಬದುಕಿ ಉಳಿದಿದ್ದ ಕೊನೆಯವಳು. "ಅದು ನೆರಳೋ" ಅನ್ನುತ್ತಿದ್ದಳು. ಸಣ್ಣವಳಿದ್ದಾಗ ಒಬ್ಬರ ನೆರಳು ಒಬ್ಬರು ತುಳಿಯುವ ಆಟ ಆಡುತ್ತಿದ್ದಳಂತೆ, ತುಳಿಸಿಕೊಂಡವರು ಸತ್ತ ಲೆಕ್ಕ. ಇದನ್ನು ಕೇಳಿ ನಮ್ಮ ಓಣಿಯ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

"ಆಯೀ, ನಿನ್ ನೆರಳು ರೊಟ್ಟಿ ತಿಂತಿತ್ತೇನು?"

"ರೊಟ್ಟೀನೂ ತಿಂತಿದ್ದಿಲ್ಲ, ನಿಮ್ಮಂಗ ತಲೀನೂ ತಿಂತಿದ್ದಿಲ್ಲ."

ಮಕ್ಕಳಿಗೆ ಹಾಗೆ ಜವಾಬು ಕೊಟ್ಟವಳು, ಕಣ್ಣಿಗೆ ಪೊರೆ ಬಂದ ಮೇಲೆ ನನ್ನ ಹತ್ತಿರ ಬೇರೆ ಮಾತು ಹೇಳಿದಳು. "ಹುಲಿಗ್ಯಾ, ಕಣ್ಣು ಪೂರಾ ಹೋಗೂದ್ರಾಗ ಒಮ್ಮಿ ನೆರಳು ನೋಡಬೇಕಲೋ. ಈಗೀಗ ನಂಗೂ ಅದು ಸುಳ್ಳೇನೋ ಅನಸಾಕ ಹತ್ತೈತಿ." ಹೀಗೆ ಮೆತ್ತಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಗಿಸೋಣ ಎಂದರೆ ಚಾಷ್ಟಿಯೇ ಹೊಳೆಯಲಿಲ್ಲ.

ಆಮೇಲೆ ಡಂಗುರ ಬಂತು. ಹಳೇ ಪುಡಿ ತೆಗೆದು, ಇನ್ನು ಎಂದೂ ತೆಗೆಯಬೇಕಾಗದ ಹೊಸ ಪುಡಿ ಹಾಕುತ್ತಾರೆ. ನಡುವೆ ಒಂದು ಸಂಜೆ, ಸ್ವಲ್ಪ ಹೊತ್ತು, ಆಕಾಶ ತೆರೆದಿರುತ್ತದೆ. ಚರ್ಮ ಸುಡುತ್ತದೆ, ಯಾರೂ ಹೊರಗೆ ಬರಬೇಡಿ. ಇಡೀ ಊರು ಕಿಟಕಿಗೆ ಗೋಣಿ ಹೊಡೆದುಕೊಂಡು ಕೂತಿತು. ಡ್ಯಾಮಿನ ತಳಕ್ಕೆ ಹೊರಟವರು ನಾವು ಮೂವರು: ದೊಡ್ಡವ್ವ, ನಾನು, ತಗಡಿನ ಕೆಲಸದ ಚಾಂದಬಿ. ಚಾಂದಬಿ ಒಂದು ಡಬ್ಬಿಗೆ ಸೂಜಿಯಷ್ಟು ತೂತು ಕೊರೆದು ಕ್ಯಾಮೆರಾ ಮಾಡಿದ್ದಳು. ಬೆಳಕು ಹಿಡಿಯುವ ಕಾಗದ ಒಂದೇ ಸಿಕ್ಕಿತ್ತು. ದೊಡ್ಡವ್ವ ಕಣ್ಣಾರೆ ನೋಡಬೇಕು, ಅವಳನ್ನು ಸುಳ್ಳಿ ಅಂದವರಿಗೆ ಫೋಟೋ ಉಳಿಯಬೇಕು, ಇಷ್ಟೇ ನಮ್ಮ ಲೆಕ್ಕ. ನಿಮ್ಮ ಫೋಟೋ ಹಿಡಿದು, ಉದುರು ಗುಡಿಸಿ, ಬಿರುಕಿಗೆ ಬಿರುಕು ತಾಳೆ ನೋಡಿ, ನೀವು ನಿಂತಿದ್ದ ಜಾಗವನ್ನೇ ಕಂಡುಹಿಡಿದು ಕಲ್ಲು ಇಟ್ಟೆವು. ಕಲ್ಲಿನ ಮೇಲೆ ಡಬ್ಬಿ, ಡಬ್ಬಿಯ ಹಿಂದೆ ನಾನು, ನನ್ನ ಮುಂದೆ ಕೂತು ಅವರಿಬ್ಬರು.

"ಇಲ್ಲಿ ನಿಂದ್ರಬ್ಯಾಡ್ರಿ," ಅಂದಳು ದೊಡ್ಡವ್ವ. "ಸಂಜಿಗೆ ನೆರಳು ಆ ಕಡೀಗೆ ತಿರಗ್ತೈತಿ."

"ನೆರಳಿಗೇನು ಕಾಲು ಅದಾವ ದೊಡ್ಡವ್ವಾ, ತಿರಗಾಕ?" ಅಂದಳು ಚಾಂದಬಿ. ನಾವಿಬ್ಬರೂ ನಕ್ಕೆವು. ಜೋರಾಗಿ ನಕ್ಕವನು ನಾನೇ. ಮರದ ಬೇರು ಹೇಗೋ ನೆರಳೂ ಹಾಗೆ, ಒಂದೇ ಕಡೆ ಅಂಟಿಕೊಂಡಿರುತ್ತದೆ ಎಂದು ತಿಳಿದಿದ್ದೆವು. ನೀವು ತೆಗೆದದ್ದು ಬೆಳಗಿನ ಫೋಟೋ ಇದ್ದೀತು ಅನ್ನುವುದು ನಮ್ಮ ತಲೆಗೆ ಹೇಗೆ ಬರಬೇಕು?

ಮುಸುಕು ಸರಿಯಿತು. ಚಾಂದಬಿ ತೂತಿನ ಮುಚ್ಚಳ ತೆಗೆದಳು. ಬೆಳಕು ಬೆನ್ನಿಗೆ ಬಂದು ಬಡಿಯಿತು, ಯಾರೋ ಬಿಸಿ ಕೈಯಿಂದ ನೂಕಿದ ಹಾಗೆ. ಮುಂದೆ ನೋಡಿದರೆ ಮರದಿಂದ ನಮ್ಮ ಕಡೆಗೆ ಯಾವ ಗೆರೆಯೂ ಬಂದಿಲ್ಲ, ಅದು ಮರದ ಹಿಂದೆ ಆಚೆ ಓಡಿಹೋಗಿದೆ. ಅದರ ಬದಲು ನನ್ನ ಕಾಲ ಹತ್ತಿರದಿಂದ ಮರದ ತನಕ ಒಬ್ಬ ಕರೀ ಮನುಷ್ಯ ಉದ್ದಕ್ಕೆ ಬಿದ್ದಿದ್ದಾನೆ, ಹೊಟ್ಟೆ ಬೇರೆ ದೊಡ್ಡದು.

"ಹುಲಿಗೆಪ್ಪಾ, ಅಲ್ಲಿ ಯಾರೋ ಬಿದ್ದಾನ!" ಚಾಂದಬಿ ಚೀರಿದಳು.

ನಾನು ಹೌಹಾರಿ ಹಾರಿದೆ. ಅವನೂ ಹಾರಿದ. ದೊಡ್ಡವ್ವ ಆ ಮಸುಕು ಕಣ್ಣಿನಲ್ಲೇ ಅವನನ್ನು ಕಂಡಳು. ಎದ್ದು, ಕೋಲು ಒಗೆದು, ಡಬ್ಬಿ ದಾಟಿ ಹೋಗಿ, ಅವನ ಹೊಟ್ಟೆಯ ಮೇಲೆ ಕಾಲಿಟ್ಟಳು.

"ತುಳದ್ನೆಲೋ! ಸತ್ತಿ ನೀನು! ಅಲುಗಬ್ಯಾಡ, ಸತ್ತಾವ್ರು ಅಲುಗಂಗಿಲ್ಲ!"

ನಾನು ಅಲುಗಲಿಲ್ಲ. ಅವಳೂ ಅಲುಗಲಿಲ್ಲ, ಬಾಯಿ ತುಂಬ ನಗುತ್ತ ನಿಂತಳು. ಆಕಾಶ ಮುಚ್ಚಿತು. ಅವಳ ಕಾಲ ಕೆಳಗಿನಿಂದ ನಾನು ಕರಗಿಹೋದೆ.

ಫೋಟೋ ತೊಳೆದು ಬರುವಷ್ಟರಲ್ಲಿ ಅವಳ ಕಣ್ಣು ಪೂರ್ತಿ ಹೋಗಿತ್ತು. ಕಾಗದವನ್ನು ಕೈಯಲ್ಲಿ ಸವರಿ, "ಹೊಟ್ಟಿ ಬಂದೈತೇನು?" ಅಂತ ಕೇಳಿದಳು. ಬಂದೈತಿ ಅಂದೆ. ಕೆಲವು ದಿನಕ್ಕೆ ತೀರಿಕೊಂಡಳು. ಆ ಫೋಟೋದಲ್ಲಿ ಒಂದು ಕಪ್ಪು ಹೊಟ್ಟೆ, ಅಂಚಿನಲ್ಲಿ ಅವಳ ಸೀರೆಯ ನಿರಿಗೆ, ಒಂದು ಪಾದ. ಮಕ್ಕಳು ನೋಡಿ "ಕಾಕಾ, ಎಣ್ಣಿ ಚೆಲ್ಲೈತಿ" ಅನ್ನುತ್ತವೆ. ಚಾಂದಬಿ ಇಂದಿಗೂ ಅಲ್ಲಿ ಯಾರೋ ಬಿದ್ದಿದ್ದ ಎಂದೇ ಹೇಳುತ್ತಾಳೆ. ನೆರಳು ಕಂಡೆ ಎನ್ನುವವನು ಈಗ ನಾನೊಬ್ಬನೇ. ದಿನಾ ಚಾಷ್ಟಿ ಮಾಡುವವನ ಮಾತು ಯಾರು ನಂಬುತ್ತಾರೆ? ಈಗೀಗ ನನಗೂ ಅನುಮಾನ ಬರುತ್ತದೆ.

ಅದಕ್ಕೇ ಒಂದು ವಿನಂತಿ. ನಿಮ್ಮ ಫೋಟೋದಲ್ಲಿ ಎಲ್ಲ ಸರಿಯಿದೆ, ನೀವೊಬ್ಬರು ಇಲ್ಲ. ಒಮ್ಮೆ ಸಂಜೆ ಅಲ್ಲಿಗೆ ಹೋಗಿ ಬನ್ನಿ. ಸೂರ್ಯ ಬೆನ್ನಿಗಿರಲಿ, ನಿಮ್ಮ ನೆರಳು ನಡುವೆ ಅಡ್ಡ ಬೀಳಲಿ. ಕೆಟ್ಟಿತು ಎಂದು ಹರಿದು ಹಾಕಬೇಡಿ. ಜೊತೆಗೆ ಬಂದವರಿಗೆ ಅದರ ಮೇಲೆ ಕಾಲಿಡಲು ಹೇಳಿ. ಎರಡು ಫೋಟೋದಲ್ಲೂ ಒಂದೇ ಥರದ ಕಲೆ ಕಂಡರೆ ಮಕ್ಕಳು ದೊಡ್ಡವ್ವನನ್ನು ನಂಬಬಹುದು.

ನೀವು ಹೋಗಿದ್ದರೆ ಆ ಫೋಟೋ ಇಷ್ಟರಲ್ಲಿ ಓದುಮನೆಯ ಗೋಡೆಯ ಮೇಲೆ ಇರಬೇಕಿತ್ತು, ಅಷ್ಟು ನನಗೂ ತಿಳಿಯುತ್ತದೆ. ಬೆಳಗ್ಗೆ ಹೋಗಿ ನೋಡಿ ಬಂದೆ. ಇಲ್ಲ. ಆದರೂ ಪಕ್ಕದಲ್ಲಿ ಒಂದು ಮೊಳೆ ಹೊಡೆದಿಟ್ಟಿದ್ದೇನೆ. ಅದರ ಮೇಲೂ ಉದುರು ಕೂರುತ್ತದೆ. ದಿನಾ ಒರೆಸುತ್ತೇನೆ.