ಮುತ್ತಣ್ಣನ ಕ್ಯೂಬುಗಳು

ಅಕ್ಟೋಬರ್ ೨೭, ಸೋಮವಾರ. ರೋಣ.

ಒಡೆದ ಸದ್ದು ಇನ್ನೂ ಕಿವಿಯಲ್ಲಿದೆ. ಯಾವಗಲ್ಲು ಊರಿನ ಅಂಗನವಾಡಿಗೆ ಮೇಸ್ತ್ರಿ ಮುತ್ತಣ್ಣ ಹಾಕಿದ ಸ್ಲ್ಯಾಬಿನ ಕಾಂಕ್ರೀಟಿನಿಂದಲೇ ಪರೀಕ್ಷೆಗೆಂದು ಮಾಡಿದ ಮೂರು ಕ್ಯೂಬುಗಳನ್ನು ಇಂಜಿನಿಯರ್ ಸಾಹೇಬರು ಇಂದು ಲ್ಯಾಬಿನ ಮಷಿನ್ನಿನಲ್ಲಿಟ್ಟು ಒತ್ತಿದರು. ತಾಳಬೇಕಾದಷ್ಟು ಭಾರ ಏರುವ ಮೊದಲೇ ಮೂರೂ ಒಡೆದವು.

"ಸಿಮೆಂಟ್ ಕಮ್ಮಿ ಹಾಕೀರೇನ್ ಮೇಸ್ತ್ರಿ? ಸ್ಲ್ಯಾಬ್ ಕೆಡವಬೇಕಾಕ್ಕೈತಿ ನೋಡ್ರಿ."

"ಇಲ್ರೀ ಸಾಹೇಬ್ರ, ನಾನ ಮುಂದ ನಿಂತು ಕಲಸೇನ್ರಿ." ಮುತ್ತಣ್ಣನವರ ಮುಖ ಬಿಳಿಚಿತ್ತು.

ಕಸಬರಿಗೆ ಹಿಡಿದು ನಿಂತಿದ್ದ ನನಗೆ ದಸರೆಯ ಖಂಡೇಪೂಜೆ ನೆನಪಾಯಿತು. ಅಂದು ನಾನು, ನನ್ನ ಜೊತೆ ಕಸ ಗುಡಿಸುವ ಸಕ್ರವ್ವ ಲ್ಯಾಬೆಲ್ಲ ತೊಳೆಯುವಾಗ ಕ್ಯೂಬು ನೆನೆಯುವ ತೊಟ್ಟಿಯನ್ನೂ ಬಸಿದು ಸುಣ್ಣ ಹಚ್ಚಿದ್ದೆವು. ಆಗಷ್ಟೇ ಬಂದಿದ್ದ ಈ ಹಸಿ ಕ್ಯೂಬುಗಳಿಗೆ ವಿಭೂತಿ ಬಳಿದು ಬಿಸಿಲಲ್ಲಿ ಇಟ್ಟಿದ್ದೆವು. ಪೂಜೆ ಮಾಡಿದ್ದನ್ನು ಕದಲಿಸಬಾರದೆಂದು ಹಬ್ಬ ಮುಗಿಯುವವರೆಗೆ ಮುಟ್ಟಲಿಲ್ಲ. ಅವನ್ನು ನೀರಿನಲ್ಲಿ ಯಾಕೆ ಇಡುತ್ತಾರೆಂದು ಕೇಳಲು ನನಗೆ ಯಾವತ್ತೂ ನಾಚಿಕೆ.

"ಸುಮ್ನಿರ, ಅನಿತಾ," ಎಂದು ಸಕ್ರವ್ವ ಚಿವುಟಿದಳು. ಆದರೂ ಹೇಳಿದೆ.

ಸಾಹೇಬರು ಹಣೆ ಹಿಡಿದುಕೊಂಡರು. "ಯವ್ವಾ, ಕ್ಯೂಬಿಗೂ ಪೂಜಿ ಮಾಡೀರೇನ? ನೀರಿಲ್ಲದ ಅವು ಹ್ಯಾಂಗ ಗಟ್ಟಿ ಆಗ್ತಾವ?"

ಇನ್ನು ಆ ಹೊಸ ಸ್ಲ್ಯಾಬಿಗೇ ತೂತು ಕೊರೆದು, ತುಂಡು ತಂದು ಒತ್ತಿ ನೋಡುತ್ತಾರಂತೆ. ಅದು ಗಟ್ಟಿ ಬಂದರಷ್ಟೇ ಮುತ್ತಣ್ಣನವರ ಹೆಸರು ಉಳಿಯುವುದು.

ಹೊರಟಾಗ ಮುತ್ತಣ್ಣನವರು ನನ್ನ ಹತ್ತಿರ ಬಂದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

"ಇರ್ಲಿ ಬಿಡ ತಂಗಿ. ನಾನೂ ಅವತ್ತ ಕಾಂಕ್ರೀಟ್ ಮಿಕ್ಸರಿಗೆ ಕಾಯಿ ಒಡದೇನಿ," ಎಂದು ನಕ್ಕರು. ಬಾಗಿಲಲ್ಲಿ ನಿಂತು ಒಡೆದ ಕ್ಯೂಬುಗಳನ್ನು ಮತ್ತೊಮ್ಮೆ ತಿರುಗಿ ನೋಡಿ ಹೋದರು.

ಮೈಯೆಲ್ಲ ಸೋತಿದೆ. ಬೈದಿದ್ದರೆ ಇಷ್ಟೊತ್ತಿಗೆ ನಿದ್ದೆಯಾದರೂ ಬಂದಿರುತ್ತಿತ್ತು.