ಓ ಅನ್ನದ ಭಾಗಿ

ಬೊಮ್ಮನಹಳ್ಳಿ
14 ಜೂನ್ 2009, ಭಾನುವಾರ

ಭಾಗಿಯ ಅಪ್ಪನಿಗೆ ಮಹಾದೇವಿಯ ನಮಸ್ಕಾರ.

ಹೇಗಿದ್ದೀರಿ? ಸುರಂಗ ಕೊರೆಯುವ ಕೆಲಸದ ಧೂಳಿಗೆ ಕೆಮ್ಮು ಹೆಚ್ಚಾಗಿರಬೇಕು, ಮೊನ್ನೆ ಫೋನಿನಲ್ಲಿ ನಿಮ್ಮ ಮಾತಿಗಿಂತ ಅದೇ ಜಾಸ್ತಿ ಕೇಳಿಸಿತು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ನಗುತ್ತೀರಿ. ನಗಿ, ನಾನು ಹೇಳುವುದನ್ನು ಬಿಡುವುದಿಲ್ಲ. ಈ ವಿಷಯವನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಸುತ್ತ ಹತ್ತು ಜನ ಇರುತ್ತಾರೆ, ಅವರ ಮುಂದೆ ನೀವು ಎಲ್ಲದಕ್ಕೂ ಬರೀ ಹೂಂ ಅನ್ನುತ್ತೀರಿ.

ಭಾಗಿ ಮಾತು ಬಿಟ್ಟಿದ್ದಾಳೆ. ನನ್ನ ಜೊತೆ ಮಾತ್ರ ಆಡುತ್ತಾಳೆ, ಅದೂ ಪಿಸುದನಿಯಲ್ಲಿ. ಎರಡನೇ ಕ್ಲಾಸು ಶುರುವಾಗಿ ಎರಡು ವಾರವಾಯಿತು, ಹಾಜರಿ ಕರೆದರೂ ದನಿ ಇಲ್ಲ. ಒಂದಕ್ಕೆ ಹೋಗಬೇಕೆಂದು ಕೇಳಲಾರದೆ ಬೆಂಚಿನ ಮೇಲೇ ಆಗಿಬಿಟ್ಟಿತಂತೆ. ವೆಂಕಟಲಕ್ಷ್ಮಿ ಟೀಚರ್ ಬೈಯಲಿಲ್ಲ. ತಾವೇ ಲಂಗ ಬದಲಿಸಿ, ಸಂಜೆ ನನ್ನನ್ನು ಕರೆಸಿ, ಇದು ಹಟವಲ್ಲ, ಆಸ್ಪತ್ರೆಗೆ ತೋರಿಸಿ ಎಂದರು. ‘ನನ್ನ ಮಗಳಿಗೇನ್ ಹುಚ್ಚೇನ್ರಿ?’ ಎಂದು ನಾನೇ ಅವರ ಮೇಲೆ ಹರಿಹಾಯ್ದೆ. ಮನೆ ಓನರ್ ಮುನಿಯಕ್ಕ ದೃಷ್ಟಿ ತೆಗೆದರು, ಮೆಣಸಿನಕಾಯಿ ಘಾಟಿಗೆ ನಾವಿಬ್ಬರೂ ಕೆಮ್ಮಿದ್ದೇ ಬಂತು.

ಏಪ್ರಿಲ್ ರಜೆಯಲ್ಲಿ ನಾನು ಗಾರ್ಮೆಂಟ್ಸ್‌ಗೆ ಹೋಗುವಾಗ ಅವಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದೆನಲ್ಲ. ಈ ವಠಾರದಲ್ಲಿ ಎಲ್ಲರೂ ಹಾಗೇ. ನಾವಿಬ್ಬರೂ ಅವಳನ್ನು ಕೂರಿಸಿಕೊಂಡು ಹೇಳಿದ್ದು ನೆನಪಿದೆಯೇ? ‘ಯಾರ್ ಬಾಗ್ಲಾ ಬಡದ್ರೂ ಓ ಅನ್ನಬ್ಯಾಡ. ಅಪ್ಪನ ದನಿ ಕೇಳಿದ್ರೂ ಓ ಅನ್ನಬ್ಯಾಡ, ಕಳ್ಳರು ದನಿ ಮಾಡ್ತಾರ.’ ಒಳಗೆ ಮಗು ಇರುವುದೇ ಗೊತ್ತಾಗುವುದಿಲ್ಲ ಎಂದು ಅಕ್ಕಪಕ್ಕದವರು ಹೇಳಿದಾಗ ನಾನು ಉಬ್ಬಿಹೋಗುತ್ತಿದ್ದೆ. ಗಾರ್ಮೆಂಟ್ಸಿನಲ್ಲಿ ನನ್ನ ಲೈನಿನಲ್ಲಿ ಹೊಲಿಯುವ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ಮಿಷಿನ್ ಮುಂದೆ ಕೂತರೆ ಅದೇ ನೆನಪಾಗಿ ಅಳು ಬರುತ್ತದೆ. ಇಷ್ಟು ಜನರ ನಡುವೆ ಹೇಳಿಕೊಳ್ಳಲು ಒಬ್ಬರಿಲ್ಲ.

ಕಡೆಗೆ ನಿನ್ನೆ ಅರ್ಧ ದಿನ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಹೋದೆ, ಟೀಚರೂ ಜೊತೆಗೆ ಬಂದರು. ಮಕ್ಕಳ ಮನಸ್ಸು ನೋಡುವ ಡಾಕ್ಟರಮ್ಮ ಭಾಗಿಯನ್ನು ಏನೂ ಕೇಳಲಿಲ್ಲ, ಪಕ್ಕದಲ್ಲಿ ನೆಲಕ್ಕೆ ಕುಳಿತು ಮಣಿ ಪೋಣಿಸಿದರು. ಆಮೇಲೆ ನನಗೆ ಹೇಳಿದರು: ಹೆದರಿಕೆ ಗಂಟಲು ಹಿಡಿದಿದೆ, ಮಾತಾಡು ಎಂದು ಒತ್ತಾಯಿಸಬೇಡಿ, ಹೊಡೆಯಬೇಡಿ, ಪ್ರತಿ ಶನಿವಾರ ಕರೆತನ್ನಿ, ನಿಧಾನವಾಗಿ ಸರಿಹೋಗುತ್ತಾಳೆ. ಬೀಗದ ಮಾತು ಬಂದಾಗ ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿದ್ದೆ. ಇನ್ನು ಮೇಲೆ ಸ್ಕೂಲು ಬಿಟ್ಟ ಕೂಡಲೇ ಅವಳು ಮುನಿಯಕ್ಕನ ಮನೆಯಲ್ಲಿರುತ್ತಾಳೆ. ‘ಆ ಬೀಗ ಬಿಸಾಕಮ್ಮ, ನಾನಿಲ್ವಾ’ ಎಂದರು.

ನೀವು ಫೋನ್ ಮಾಡಿದಾಗ ಅವಳು ಸುಮ್ಮನಿದ್ದರೆ ಸಿಟ್ಟಾಗಬೇಡಿ. ಉಸಿರು ಕೇಳುತ್ತದಲ್ಲ, ಅದಕ್ಕೇ ಏನಾದರೂ ಹೇಳುತ್ತಿರಿ. ಬಿಸಿನೀರು ಕುಡಿಯಿರಿ. ದೇವರು ನಿಮ್ಮನ್ನು ದಿನವೂ ಸುರಂಗದಿಂದ ಕ್ಷೇಮವಾಗಿ ಹೊರಗೆ ಕಳಿಸಲಿ.

ನಿಮ್ಮ
ಮಹಾದೇವಿ

ಮತ್ತೊಂದು: ಲಕೋಟೆಗೆ ಅಂಟು ಹಚ್ಚುವಾಗ ಭಾಗಿ ಬಂದು ಯಾರಿಗೆ ಎಂದಳು. ಅಪ್ಪನಿಗೆ ಎಂದೆ. ಅದೇ ರಜೆಯಲ್ಲಿ ನೀವು ಕೆಲಸಕ್ಕೆ ಹೊರಟ ದಿನ ಕಂಟ್ರಾಕ್ಟರನ ಜೀಪು ನಿಲ್ಲಿಸಿ, ಬೀಗದ ಕೈ ನನ್ನ ಹತ್ತಿರ ಇದ್ದುದರಿಂದ ಬೀಗ ಹಾಕಿದ ಬಾಗಿಲ ಹೊರಗಿನಿಂದಲೇ ಅವಳನ್ನು ಕರೆದಿರಲ್ಲ, ಮಲಗಿದ್ದಳು ಎಂದು ಆಮೇಲೆ ನನಗೆ ಹೇಳಿದಿರಿ. ಮಲಗಿರಲಿಲ್ಲವಂತೆ. ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳಂತೆ. ‘ನಾ ಓ ಅನ್ನಲಿಲ್ಲಂತ ಅಪ್ಪ ಹೋದ’ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಎರಡು ದಿನದ ಮಟ್ಟಿಗಾದರೂ ಬನ್ನಿ. ಬಾಗಿಲು ತೆರೆದೇ ಇರುತ್ತದೆ, ಆದರೂ ಹೊರಗೆ ನಿಂತು ಅವಳ ಹೆಸರು ಹಿಡಿದು ಕರೆಯಿರಿ. ಅವಳು ಓ ಅನ್ನದಿದ್ದರೂ ಹೋಗಬೇಡಿ.