ಖಾಲಿ ಹೊಟ್ಟೆಯ ಕಾಫಿ

ಮಂಡ್ಯ, ನಡುದಿಂಗಳು ೩೨, ಕ್ರಿ.ಶ. ೨೨೮೭

ಹಿಂದಿನವರೇ,

ಇಂಥ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿ ಇರಲಾರದು, ಬಲ್ಲೆ. ನನ್ನ ಮಾತುಗಳೂ ನಿಮಗೆ ಸೊಟ್ಟಗೆ ಕೇಳಿಸಬಹುದು, ಕ್ಷಮೆಯಿರಲಿ. ಕ್ಷಮೆ ಕೇಳುವುದು ಇಷ್ಟಕ್ಕೇ. ಮಿಕ್ಕಿದ್ದಕ್ಕೆಲ್ಲ ನಿಮ್ಮ ಮೇಲೆ ನನಗೆ ಸಿಟ್ಟಿದೆ.

ನಾನು ಚೆಲುವಾಂಬೆ. ಇಲ್ಲಿನ ಜಠರಶಾಲೆಯಲ್ಲಿ ಹೊಟ್ಟೆಯ ರಸದಲ್ಲಿರುವ ಪ್ರೋಟೀನುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ನಮ್ಮ ಕಾಲದಲ್ಲಿ ಯಾರೂ ಅನ್ನ ಬೇಯಿಸುವುದಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಒಂದು ನಲ್ಲಿಯಿದೆ, ಅದರಲ್ಲಿ ಅರಗನ್ನ ಬರುತ್ತದೆ. ಅರಗನ್ನ ಎಂದರೆ ಯಂತ್ರವೇ ಮೊದಲು ಅರಗಿಸಿ ಕೊಡುವ ಗಂಜಿ. ಬೆಳಿಗ್ಗೆ ತೆಳ್ಳಗೆ, ಮಧ್ಯಾಹ್ನ ಗಟ್ಟಿ, ಹಬ್ಬದ ದಿನ ಬೆಲ್ಲದ ವಾಸನೆ. ತಲೆತಲಾಂತರದಿಂದ ಇದನ್ನೇ ಕುಡಿದು ನಮ್ಮ ಹೊಟ್ಟೆಗಳು ಕೆಲಸ ಮರೆತಿವೆ. ಒಣಜಠರ ಎಂಬ ಕಾಯಿಲೆ ಹಬ್ಬಿದೆ. ಜಠರದ ಒಳಗೋಡೆ ಬತ್ತಿ ಬಿರುಕು ಬಿಡುತ್ತದೆ. ನನ್ನ ಅಕ್ಕ ನಿಂಗಾಂಬೆಗೆ ಬಂದಿರುವುದು ಅದೇ. ಅವಳಿಗೆ ಈಗ ಅರಗನ್ನವೂ ಸೇರುವುದಿಲ್ಲ. ನನ್ನನ್ನು ಎತ್ತಿ ಆಡಿಸಿದವಳು ಚಮಚ ಎತ್ತಲಾರದೆ ಮಲಗಿದ್ದಾಳೆ.

ಆ ಒಳಗೋಡೆಯನ್ನು ಕಾಯುತ್ತಿದ್ದ ಯಾವುದೋ ಒಂದು ಪ್ರೋಟೀನು ನಮ್ಮಲ್ಲಿ ಇಲ್ಲವಾಗಿದೆ. ಯಾವುದೆಂದು ತಿಳಿದರೆ ತಯಾರಿಸಿ ಕೊಡಬಹುದು. ತಿಳಿಯಬೇಕಾದರೆ ಆರೋಗ್ಯವಾಗಿದ್ದ ಹೊಟ್ಟೆಯ ರಸ ಬೇಕು. ಅದು ಉಳಿದಿರುವುದು ನಿಮ್ಮ ಕಾಲದ ಮಂಡ್ಯದ ದೊಡ್ಡಾಸ್ಪತ್ರೆ ಹೆಪ್ಪುಗಟ್ಟಿಸಿ ಇಟ್ಟ ಕೊಳವೆಗಳಲ್ಲಿ ಮಾತ್ರ. ಪ್ರತಿ ಕೊಳವೆಯ ಜೊತೆ ರಸ ಕೊಟ್ಟವರ ಧ್ವನಿಯನ್ನೂ ಇಟ್ಟಿದ್ದೀರಿ. ಜಾಣರೇ ಸರಿ. ಆ ಧ್ವನಿಗಳನ್ನು ಕೇಳಿಯೇ ನಾನು ತಲೆ ಚಚ್ಚಿಕೊಂಡದ್ದು.

ಪುಟ್ಟಗೌರಮ್ಮ ಎಂಬಾಕೆ ನರ್ಸಿಗೆ ಹೇಳುತ್ತಾರೆ: "ಇಲ್ಲ ಕಣವ್ವ, ಏನೂ ತಿಂದಿಲ್ಲ, ಬರೀ ಹೊಟ್ಟೇಲೇ ಬಂದಿವ್ನಿ. ಒಂದ್ ಲೋಟ ಕಾಪಿ ಕುಡ್ದೆ, ಅಷ್ಟೆಯ." ನರ್ಸು ಅನ್ನುತ್ತಾಳೆ: "ಕಾಪಿ ತಾನೆ, ಬುಡಿ."

ಯಾವ ಕೊಳವೆ ತೆಗೆದರೂ ಇದೇ ಪುರಾಣ. ಮೇಷ್ಟ್ರು, ಲಾಯರು, ಹೊಸ ಮದುಮಗಳು, ಎಲ್ಲರೂ ಖಾಲಿ ಹೊಟ್ಟೆ, ಎಲ್ಲರೂ ಒಂದು ಲೋಟ ಕಾಫಿ! ನಿಮ್ಮಲ್ಲಿ ಕಾಫಿ ಹೊಟ್ಟೆಯ ಲೆಕ್ಕಕ್ಕೇ ಬರುತ್ತಿರಲಿಲ್ಲವೇ? ಹಾಲಿನ ಪ್ರೋಟೀನನ್ನು ಗುರುತು ಹಿಡಿದು ಬದಿಗಿಡಬಲ್ಲೆ. ಆದರೆ ಕಾಫಿ ಬಿದ್ದ ಕೂಡಲೇ ಹೊಟ್ಟೆ ಕೆಲಸಕ್ಕೆ ಇಳಿಯುತ್ತದೆ. ಆಮ್ಲ ಸುರಿಯುತ್ತದೆ, ಪ್ರೋಟೀನನ್ನು ಕತ್ತರಿಸುವ ಪೆಪ್ಸಿನ್ ಸುರಿಯುತ್ತದೆ. ಆಮ್ಲ ತಣಿಸಲು ಒಂದು ಚಿಟಿಕೆ ಸೋಡಾವನ್ನೂ ಬೆರೆಸದೆ ಮುಚ್ಚಳ ಬಿಗಿದಿದ್ದೀರಿ. ಹೆಪ್ಪುಗಟ್ಟುವ ಮೊದಲೇ ಕೊಳವೆಯೊಳಗೆ ಬೇಲಿಯೇ ಎದ್ದು ಹೊಲ ಮೇಯ್ದಿದೆ. ಉಳಿದ ಚೂರುಗಳನ್ನು ವರ್ಷಗಟ್ಟಲೆ ಜೋಡಿಸುತ್ತ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದೇನೆ. ಕೊನೆಯ ಕೊಳವೆಯನ್ನು ಇಂದು ತೆರೆದೆ. ಅದೂ ಕಾಫಿಯೇ.

ಅಕ್ಕನಿಗೆ ಹೇಳಿದೆ. ಅದು ಅಷ್ಟು ರುಚಿಯಾಗಿತ್ತೇನೇ ಎಂದು ಕೇಳಿ ನಕ್ಕಳು. ಅವಳು ನಕ್ಕದ್ದಕ್ಕೆ ನನಗೆ ಇನ್ನೂ ಸಿಟ್ಟು ಬಂತು, ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಾಲದಂಚೆ ಕಾಗದವನ್ನು ಹಿಂದಕ್ಕೆ ಒಯ್ಯುತ್ತದೆ, ಉತ್ತರ ತರುವುದಿಲ್ಲ. ಆದ್ದರಿಂದ ನೀವು ನನಗೆ ಬರೆಯಬೇಡಿ. ನಿಮ್ಮಲ್ಲಿ ಯಾರಾದರೂ ಒಬ್ಬರು, ಒಂದೇ ಒಂದು ಬೆಳಿಗ್ಗೆ ಕಾಫಿ ಬಿಟ್ಟು ಆ ಆಸ್ಪತ್ರೆಗೆ ಹೋಗಿ ರಸ ಕೊಡಿ. ಸೋಡಾ ಬೆರೆಸಲು ಹೇಳಿ. ಕೇಳದಿದ್ದರೆ ಜಗಳವಾಡಿ. ನೀವು ಕೊಟ್ಟದ್ದೇ ನಿಜವಾದರೆ ಆ ಕೊಳವೆ ಈಗಾಗಲೇ ನಮ್ಮ ಶೀತಗೂಡಿನಲ್ಲಿ ಇರಬೇಕು.

ಇದನ್ನು ಅಂಚೆಗೆ ಹಾಕಿ, ನಾನೇ ಖಾಲಿ ಮಾಡಿದ ಆ ಗೂಡನ್ನು ಮತ್ತೊಮ್ಮೆ ತೆರೆದು ನೋಡಲು ಹೋಗುತ್ತೇನೆ. ಅಕ್ಕ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಾಳೆ.